ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಹಯಬುಸಾ ಇಂಜಿನ್, ಟರ್ಬೊ ಮತ್ತು ಮರಳು ದಿಬ್ಬ

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಕುಂದಾಪುರದ ಕಡೆ. ಈಗ ಶಾರ್ಜಾದಲ್ಲಿ ಕೆಲಸ. ರಜೆ ಸಿಕ್ಕಿದಾಗಲೆಲ್ಲ ಗೆಳೆಯರ ಜೊತೆ ಅಲ್ ಬದಾಯರ್ ಕಡೆ ಮರಳಿಗೆ ಹೋಗುತ್ತೇವೆ. ಗೆಳೆಯನ ಹತ್ತಿರ ಇಂಜಿನ್ ಹೋದ ಯಮಹಾ ರಾಪ್ಟರ್ 700 ಕ್ವಾಡ್ (ನಾಲ್ಕು ಚಕ್ರದ ಬೈಕು) ಇದೆ. ನನಗೆ ಗುಜರಿಯಲ್ಲಿ 2009ರ ಸುಜುಕಿ ಹಯಬುಸಾ ಬೈಕಿನ ಇಂಜಿನ್ ಸಿಕ್ಕಿದೆ, ವೈರಿಂಗ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸಮೇತ. ಎರಡನ್ನೂ ಸೇರಿಸಿ, ಟರ್ಬೊ ಕೂರಿಸಿ, ಬಿಗ್ ರೆಡ್ ದಿಬ್ಬ ಹತ್ತಿಸಬೇಕು ಅಂತ ಆಸೆ. ಯಾವ ಟರ್ಬೊ ತಗೊಳ್ಳಲಿ? ಎಷ್ಟು ಬೂಸ್ಟ್ ಇಡಲಿ?
– ಓದುಗರು, ಶಾರ್ಜಾ

ಉತ್ತರ: ನೀವು ಕೇಳಿದ್ದು ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಬಗ್ಗೆ, ಅದು ಕೊಡುವ ಹೆಚ್ಚುವರಿ ಒತ್ತಡ ಅಂದರೆ ಬೂಸ್ಟ್ ಬಗ್ಗೆ. ಅದಕ್ಕೆ ಬರುತ್ತೇನೆ, ಆದರೆ ಕೊನೆಗೆ. ಯಾಕೆಂದರೆ ಬಿಗ್ ರೆಡ್ ಹತ್ತಲು ಟರ್ಬೊನೇ ಬೇಕಾಗಿಲ್ಲ. ಆ ದಿಬ್ಬ ಸುಮಾರು 100 ಮೀಟರ್ ಎತ್ತರ. ಸರಿಯಾದ ಟೈರು ಹಾಕಿದ ಸಾದಾ ರಾಪ್ಟರ್‌ನಲ್ಲಿ ಹುಡುಗರು ದಿನವೂ ಹತ್ತುತ್ತಾರೆ. ಹಾಗಾಗಿ ಇದು ಅಗತ್ಯ ಅಲ್ಲ, ಖಯಾಲಿ. ಖಯಾಲಿ ಅಂತ ಒಪ್ಪಿಕೊಂಡೇ ಶುರು ಮಾಡೋಣ.

ರಸ್ತೆಯ ಟರ್ಬೊ ಬೈಕುಗಳನ್ನು ನೋಡಿ ಯಾರೂ ಲೆಕ್ಕ ಹಾಕಬಾರದು. ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದರೆ ಆರೇಳು ಸೆಕೆಂಡಿನಲ್ಲಿ ರಸ್ತೆ ಮುಗಿಯುತ್ತದೆ, ಇಲ್ಲಾ ಧೈರ್ಯ ಮುಗಿಯುತ್ತದೆ. ಆಮೇಲೆ ಇಂಜಿನ್‌ಗೆ ತಣ್ಣಗಾಗಲು ಗಾಳಿಯೂ ಸಿಗುತ್ತದೆ, ಹೊತ್ತೂ ಸಿಗುತ್ತದೆ. ಮರಳಿನಲ್ಲಿ ಹಾಗಲ್ಲ. ಮೈಮೇಲೆ ಅಡ್ಡಡ್ಡ ರಬ್ಬರ್ ಪಟ್ಟಿಗಳಿರುವ ಪ್ಯಾಡಲ್ ಟೈರಿನಲ್ಲಿ ಓಡಿಸುವುದೆಂದರೆ ಸಲಿಕೆಯಲ್ಲಿ ಮರಳು ಎತ್ತಿ ಎತ್ತಿ ಹಿಂದಕ್ಕೆ ಎಸೆದಂತೆ. ಎಸೆಯುವುದು ನಿಂತರೆ ಗಾಡಿ ಹೂತುಕೊಳ್ಳುತ್ತದೆ. ದಿಬ್ಬದ ಬುಡದಿಂದ ತುದಿವರೆಗೆ ಇಂಜಿನ್ ಪೂರ್ತಿ ಹೊರೆ ಹೊತ್ತೇ ಇರಬೇಕು. ರಸ್ತೆಯಲ್ಲಿ ವರ್ಷಗಟ್ಟಲೆ ಬಾಳಿದ ಸೆಟಪ್ಪು ಮರಳಿನಲ್ಲಿ ಒಂದೇ ಚಳಿಗಾಲಕ್ಕೆ ಮಲಗುವುದು ಇದೇ ಕಾರಣಕ್ಕೆ.

ಮೊದಲು ಫ್ರೇಮು. ರಾಪ್ಟರ್ ಫ್ರೇಮನ್ನು ಮರೆತುಬಿಡಿ. ಅದು 686 ಸಿಸಿಯ ಒಂಟಿ ಸಿಲಿಂಡರ್ ಇಂಜಿನ್‌ಗೆ ಮಾಡಿದ್ದು. ನಾಲ್ಕು ಸಿಲಿಂಡರಿನ ಹಯಬುಸಾ ಅಡ್ಡಕ್ಕೆ ಅದರಲ್ಲಿ ಕೂರುವುದಿಲ್ಲ. ಕತ್ತರಿಸಿ, ತುಂಡು ಸೇರಿಸಿ ಕೂರಿಸಿದವರನ್ನು ನೋಡಿದ್ದೇನೆ. ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಟ್ಟಿದ್ದನ್ನೂ ನೋಡಿದ್ದೇನೆ. ಮುಂದಿನ ಎ-ಆರ್ಮ್ (ಚಕ್ರವನ್ನು ಫ್ರೇಮಿಗೆ ಹಿಡಿಯುವ ತೋಳು), ಸ್ಟೀರಿಂಗ್, ಹಬ್ಬು, ಬ್ರೇಕು ಇಷ್ಟನ್ನು ರಾಪ್ಟರ್‌ನಿಂದ ಇಟ್ಟುಕೊಳ್ಳಿ. ಫ್ರೇಮನ್ನು 4130 ಕ್ರೋಮೋಲಿ ಉಕ್ಕಿನ ಪೈಪಿನಲ್ಲಿ ಹೊಸದಾಗಿ ಮಾಡಿಸಿ, ಟಿಗ್ ವೆಲ್ಡಿಂಗ್‌ನಲ್ಲಿ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಉದ್ದ ಇರಲಿ. ಗಿಡ್ಡ ಇದ್ದರೆ ದಿಬ್ಬ ಏರುವಾಗ ಮುಂದಿನ ಚಕ್ರ ಆಕಾಶ ನೋಡುತ್ತದೆ, ನೀವೂ ನೋಡುತ್ತೀರಿ.

ಇನ್ನೊಂದು ಕಿರಿಕಿರಿ ಚೈನಿನದು. ಹಯಬುಸಾದ ಹಿಂದಿನ ಟೈರು 190 ಮಿ.ಮೀ. ಅಗಲ. ಅದಕ್ಕೆ ಜಾಗ ಬಿಡಲು ಮುಂದಿನ ಸ್ಪ್ರಾಕೆಟ್ಟು ನಡುಗೆರೆಯಿಂದ ತುಂಬಾ ಎಡಕ್ಕಿದೆ. ಕ್ವಾಡ್‌ನಲ್ಲಿ ಸ್ಪ್ರಾಕೆಟ್ಟು ಆಕ್ಸಲಿನ ನಡುವಿನ ಹತ್ತಿರ ಇರುತ್ತದೆ. ಇಂಜಿನ್ನನ್ನು ಸ್ವಲ್ಪ ಬಲಕ್ಕೆ ಸರಿಸಬೇಕು, ಇಲ್ಲಾ ಹಬ್ಬನ್ನು ಎಡಕ್ಕೆ ತರಬೇಕು. ಇಂಜಿನ್ ಮೌಂಟು ವೆಲ್ಡ್ ಮಾಡುವ ಮೊದಲು ಎರಡೂ ಸ್ಪ್ರಾಕೆಟ್ಟಿನ ಮೈಗೆ ದಾರ ಹಿಡಿದು ಎಳೆದು ನೋಡಿ. ಕಣ್ಣಳತೆ ಬೇಡ.

ಈಗ ಎಣ್ಣೆ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ನಾಲ್ಕು ಸಿಲಿಂಡರ್ ಕ್ವಾಡ್ ಸತ್ತಿದ್ದು ಟರ್ಬೊದಿಂದಲ್ಲ, ಎಣ್ಣೆಯಿಂದ. ಬೈಕು ತಿರುವಿನಲ್ಲಿ ವಾಲುತ್ತದೆ, ಅಲ್ವಾ? ಹಾಗಾಗಿ ಎಣ್ಣೆ ಯಾವಾಗಲೂ ಸಂಪಿನ (ಇಂಜಿನ್ ಬುಡದ ಎಣ್ಣೆ ತೊಟ್ಟಿಯ) ತಳದಲ್ಲೇ ಇರುತ್ತದೆ. ಲೋಟದಲ್ಲಿ ನೀರು ಹಿಡಿದು ತಿರುಗುವಾಗ ಚೆಲ್ಲದಂತೆ ಲೋಟವನ್ನೂ ತಿರುವಿನ ಕಡೆ ವಾಲಿಸಿದ ಹಾಗೆ. ಕ್ವಾಡ್ ವಾಲುವುದಿಲ್ಲ. ತಿರುಗಿಸಿದರೆ ಎಣ್ಣೆ ಒಂದು ಪಕ್ಕಕ್ಕೆ ಓಡುತ್ತದೆ, ದಿಬ್ಬ ಏರಿದರೆ ಹಿಂದಕ್ಕೆ ಓಡುತ್ತದೆ. ಎಣ್ಣೆ ಹೀರುವ ಬಾಯಿಗೆ ಗಾಳಿ ಸಿಗುತ್ತದೆ.

ಅವತ್ತು ದಿಬ್ಬದ ಪಕ್ಕೆಯಲ್ಲಿ ಅರ್ಧಚಂದ್ರ ಹೊಡೆದು ಇಳಿಯುತ್ತಿದ್ದೆ. ಆಯಿಲ್ ದೀಪ ಒಂದು ಸಲ ಮಿಣುಕಿ ಆರಿತು. ಇನ್ನೊಂದು ಸುತ್ತಿಗೆ ಮತ್ತೆ ಮಿಣುಕಿತು. ವೈರಿಂಗ್ ಲೂಸಿರಬೇಕು ಅಂದುಕೊಂಡೆ. ರಾತ್ರಿ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಟಾರ್ಚ್ ಹಿಡಿದೆ. ಕಪ್ಪೆಣ್ಣೆಯ ಮೇಲೆಲ್ಲ ಅಭ್ರಕದ ಪುಡಿ ಚೆಲ್ಲಿದ ಹಾಗೆ ಮಿನುಗುತ್ತಿತ್ತು. ಅದೆಲ್ಲ ಬೇರಿಂಗು. ಮಾರನೇ ದಿನ ಕ್ರ್ಯಾಂಕ್ ಕೈಗೆ ಬಂತು.

ಹಾಗಾಗಿ ಸಂಪಿನೊಳಗೆ ತಡೆಹಲಗೆ ಹಾಕಿಸಿ. ಎಣ್ಣೆ ಪಕ್ಕಕ್ಕೆ ಬೇಗ ಓಡದಂತೆ ತಡೆಯುವ ತಗಡಿನ ಗೋಡೆಗಳು ಅಷ್ಟೇ. ಕೈತುಂಬ ದುಡ್ಡಿದ್ದರೆ ಡ್ರೈ ಸಂಪ್ (ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ) ಮಾಡಿಸಿ. ದೀಪವನ್ನು ನಂಬಬೇಡಿ, ಪ್ರೆಷರ್ ಗೇಜ್ ಹಾಕಿ.

ಎಣ್ಣೆಯ ಮಾತು ಬಂದಾಗಲೇ ಇದನ್ನೂ ಹೇಳಿಬಿಡುತ್ತೇನೆ. ಟರ್ಬೊದಿಂದ ಎಣ್ಣೆ ಹಿಂದಕ್ಕೆ ಬರುವುದು ಸುಮ್ನೆ ಇಳಿಜಾರಿನಲ್ಲಿ, ಒತ್ತಡದಿಂದಲ್ಲ. ಟರ್ಬೊ ಸಂಪಿನ ಎಣ್ಣೆ ಮಟ್ಟಕ್ಕಿಂತ ಮೇಲಿರಬೇಕು, ಹಿಂತಿರುಗುವ ಪೈಪು ದಪ್ಪ ಇರಬೇಕು. ಜಾಗ ಇಲ್ಲ ಅಂತ ಕೆಳಗೆ ಕೂರಿಸಿದರೆ ಎಣ್ಣೆ ಎಳೆಯಲು ಬೇರೆ ಪಂಪು ಬೇಕು. ಅದಿಲ್ಲದಿದ್ದರೆ ಎಣ್ಣೆ ಸೀಲು ದಾಟಿ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಟರ್ಬೊ ಕೆಟ್ಟಿತು ಅಂತ ಹೊಸದು ತರುತ್ತೀರಿ, ಅದೂ ಹೊಗೆ ಬಿಡುತ್ತದೆ.

ಈಗ ನಿಮ್ಮ ಪ್ರಶ್ನೆ. 2009ರ ಇಂಜಿನ್ ಅಂದರೆ 1340 ಸಿಸಿ, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ಲೆಕ್ಕ) 12.5ಕ್ಕೆ 1. ಹಳೆಯ 1299 ಸಿಸಿಯದು 11ಕ್ಕೆ 1 ಇತ್ತು, ಟರ್ಬೊಗೆ ಅದೇ ಸಲೀಸು. ನಿಮ್ಮದರಲ್ಲಿ ಸಿಲಿಂಡರ್ ಬುಡಕ್ಕೆ ಸುಮಾರು 1.5 ಮಿ.ಮೀ. ದಪ್ಪದ ಪ್ಲೇಟು ಹಾಕಿದರೆ ಕಂಪ್ರೆಷನ್ 10ರ ಹತ್ತಿರ ಇಳಿಯುತ್ತದೆ. ಆಗ ಕ್ಯಾಮ್ ಟೈಮಿಂಗ್ (ವಾಲ್ವು ತೆರೆದು ಮುಚ್ಚುವ ಹೊತ್ತು) ಸ್ವಲ್ಪ ಜರುಗುತ್ತದೆ, ಸರಿಹೊಂದಿಸಬಲ್ಲ ಕ್ಯಾಮ್ ಸ್ಪ್ರಾಕೆಟ್ ಬೇಕಾಗುತ್ತದೆ. ಟರ್ಬೊಗೆ ಗ್ಯಾರೆಟ್ ಜಿಟಿ 2860 ಅಳತೆಯದು ಸಾಕು. ದೊಡ್ಡದು ಬೇಡ. ದೊಡ್ಡ ಟರ್ಬೊ ತಡವಾಗಿ ಎದ್ದು ಒಮ್ಮೆಲೇ ಒದೆಯುತ್ತದೆ. ದಿಬ್ಬದ ತುದಿ ಮುಟ್ಟುವ ಹೊತ್ತಿಗೆ ಅದು ಏಳುವುದು ನಿಮಗೆ ಬೇಕಾ?

ಬೂಸ್ಟ್ 7 ಪಿಎಸ್‌ಐ. ಮೊದಲ ವರ್ಷ ಅಷ್ಟೇ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. 7 ಪಿಎಸ್‌ಐಗೆ ಗಾಳಿಯ ಒತ್ತಡ ಒಂದೂವರೆ ಪಟ್ಟು. ಒತ್ತಿದ ಗಾಳಿ ಬಿಸಿಯಾಗುತ್ತದೆ. 20 ಡಿಗ್ರಿ ಚಳಿಗಾಲದ ಬೆಳಿಗ್ಗೆ ಟರ್ಬೊದಿಂದ ಹೊರಗೆ ಬರುವ ಗಾಳಿ 70 ಡಿಗ್ರಿ ಆಸುಪಾಸು. ಅದೇ 45 ಡಿಗ್ರಿ ಮಧ್ಯಾಹ್ನ 100ರ ಹತ್ತಿರ. ಆ ಗಾಳಿಯಲ್ಲಿ ಪೆಟ್ರೋಲು ಕಿಡಿಯ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿದರೆ (ಇದೇ ನಾಕಿಂಗ್) ಪಿಸ್ಟನ್ ತೂತು. ಕೇಳಿಸಿಕೊಂಡು ನಿಲ್ಲಿಸುತ್ತೇನೆ ಅನ್ನಬೇಡಿ, ಪ್ಯಾಡಲ್ ಸದ್ದಿನಲ್ಲಿ ನಾಕಿಂಗ್ ಕೇಳಿಸುವುದಿಲ್ಲ. ಅಲ್ಲಿ ಬಂಕಿನಲ್ಲೇ ಸಿಗುವ ಸೂಪರ್ 98 (98 ಆಕ್ಟೇನ್ ಪೆಟ್ರೋಲು) ಹಾಕಿ, 95 ಬೇಡ. ಬೂಸ್ಟಿನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ 11.5ಕ್ಕೆ 1ರ ಹತ್ತಿರ ಇರಲಿ. ಮೂಲ ಇಸಿಯುಗೆ ಬೂಸ್ಟ್ ಅನ್ನುವುದೇ ಗೊತ್ತಿಲ್ಲ. ಬೇರೆ ಇಸಿಯು ಹಾಕಿಸಿ, ಟ್ಯೂನಿಂಗ್ ಬಲ್ಲವರ ಕೈಗೆ ಕೊಡಿ.

ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ವಿಷಯದಲ್ಲಿ ನನ್ನದು ಒಂಟಿ ಅಭಿಪ್ರಾಯ ಇರಬಹುದು. ಗಾಳಿಯಿಂದ ತಣಿಯುವುದು ದಿಬ್ಬದಲ್ಲಿ ಅಷ್ಟಕ್ಕಷ್ಟೇ. ಗಾಡಿ ಕಷ್ಟಪಟ್ಟು ಏರುವಾಗ ವೇಗವೇ ಇರುವುದಿಲ್ಲ, ಗಾಳಿ ಎಲ್ಲಿಂದ ಬರಬೇಕು? ಜೊತೆಗೆ ಅದು ರೇಡಿಯೇಟರಿನ ಗಾಳಿಯನ್ನೂ ಕದಿಯುತ್ತದೆ. ನೀರಿನದು ಹಾಕಿ, ಸೀಟಿನ ಕೆಳಗೆ ಒಂದು ಚಿಕ್ಕ ಟ್ಯಾಂಕು. ಹೊರಡುವ ಮುಂಚೆ ಅದಕ್ಕೆ ಐಸ್ ತುಂಬಿ.

ಮರಳು ಇಂಜಿನ್ ಒಳಗೆ ಹೋಗುತ್ತದೋ ಇಲ್ಲವೋ ತಿಳಿಯಲು ಒಂದು ಹಳೇ ಉಪಾಯ ಇದೆ. ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿನ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿ. ಹತ್ತು ನಿಮಿಷ ಓಡಿಸಿ ಬನ್ನಿ. ಪೈಪು ಬಿಚ್ಚಿ, ಗ್ರೀಸನ್ನು ಬೆರಳಿನಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡಿ. ಬೆಣ್ಣೆಯಂತೆ ಜಾರಿದರೆ ಸರಿ. ಚಿರೋಟಿ ರವೆ ಹಾಗೆ ಕರಕರ ಅಂದರೆ ಫಿಲ್ಟರಿನ ಬಾಯಿ ಸರಿಯಾಗಿ ಕೂತಿಲ್ಲ. ಟರ್ಬೊದ ಗಾಳಿ ಚಕ್ರದ ರೆಕ್ಕೆಯ ತುದಿಯನ್ನು ಆ ಮರಳೇ ತಿಂದುಹಾಕುತ್ತದೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರು, ಅದರ ಮೇಲೊಂದು ಬಟ್ಟೆಯ ಹೊದಿಕೆ, ಅದನ್ನು ಆದಷ್ಟು ಎತ್ತರದಲ್ಲಿ ಇಡಿ.

ಕ್ಲಚ್ ಮೂಲದ್ದು ಜಾರುತ್ತದೆ. ಗಟ್ಟಿ ಸ್ಪ್ರಿಂಗು ಮತ್ತು ಲಾಕ್‌ಅಪ್ (ಆರ್‌ಪಿಎಂ ಏರಿದಂತೆ ಕ್ಲಚ್ಚನ್ನು ಬಿಗಿಯಾಗಿ ಒತ್ತುವ ಸಾಧನ) ಬೇಕೇ ಬೇಕು. ಗೇರಿಂಗ್ ಸಣ್ಣ ಲೆಕ್ಕ: ಕಾರ್ಖಾನೆಯ ಸ್ಪ್ರಾಕೆಟ್ಟು, ಮುಂದೆ 18 ಹಿಂದೆ 43 ಹಲ್ಲು, ಹಾಗೇ ಬಿಟ್ಟು 20 ಇಂಚಿನ ಪ್ಯಾಡಲ್ ಹಾಕಿದರೆ, 10,000 ಆರ್‌ಪಿಎಂಗೆ ಮೊದಲ ಗೇರಿನಲ್ಲೇ 95 ಕಿ.ಮೀ. ವೇಗ ಬರುತ್ತದೆ. ಮರಳಿಗೆ ಅದು ಉದ್ದವಾಯಿತು. ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿದರೆ ಅದು ಮರಳು ಉಳುತ್ತದೆ. ಮುಂದಿನದನ್ನು 16ಕ್ಕೆ ಇಳಿಸಿ, ಸುಮಾರು 85ಕ್ಕೆ ಬರುತ್ತದೆ.

ಹಾಂ, ಬೈಕ್ ಇಂಜಿನ್‌ಗೆ ರಿವರ್ಸ್ ಗೇರಿಲ್ಲ. ದಿಬ್ಬದ ನಡುವೆ ಮೂಗು ಮೇಲೆ ಮಾಡಿ ನಿಂತರೆ ಹಿಂದಕ್ಕೆ ತಳ್ಳಬೇಕಾದವರು ನೀವು ಮತ್ತು ಆ ಗೆಳೆಯ.

ತುದಿಯ ವಿಷಯ ಬಾಕಿ ಇದೆ. ಗಾಳಿ ಬೀಸುವ ಕಡೆ ದಿಬ್ಬ ಮೆಲ್ಲಗೆ ಏರುತ್ತದೆ, ಆಚೆ ಕಡೆ ಕಡಿದಾಗಿ ಬಿದ್ದಿರುತ್ತದೆ. ಏರುವಾಗ ಆಚೆ ಕಾಣಿಸುವುದಿಲ್ಲ. ತುದಿಯಲ್ಲಿ ಗಾಡಿಯನ್ನು ಅಡ್ಡ ತಿರುಗಿಸಿ ನಿಲ್ಲಿಸಿ ನೋಡಬೇಕು. ಟರ್ಬೊ ಗಾಡಿಯಲ್ಲಿ ಈ ನಿಲ್ಲಿಸುವುದೇ ಕಷ್ಟ, ಅದಕ್ಕೇ ಚಿಕ್ಕ ಟರ್ಬೊ ಅಂದಿದ್ದು. ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ಇಲ್ಲದೆ ಸ್ಟಾರ್ಟ್ ಕೂಡ ಮಾಡಬೇಡಿ. ಉದ್ದ ಕೋಲಿನ ಬಾವುಟವೂ ಇರಲಿ. ಕ್ಯಾಲಿಫೋರ್ನಿಯಾದ ಗ್ಲ್ಯಾಮಿಸ್ ಮರಳಿನಲ್ಲಿ ನೆಲದಿಂದ 8 ಅಡಿ ಎತ್ತರದ ಬಾವುಟ ಕಡ್ಡಾಯ. ದಿಬ್ಬದ ಆಚೆಯಿಂದ ಬರುವವನಿಗೆ ಮೊದಲು ಕಾಣುವುದು ಅದೊಂದೇ.

ಪ್ರಶ್ನೆ: ಅಬುಧಾಬಿಯ ಲಿವಾ ಮರುಭೂಮಿಯ ತಲ್ ಮೊರೀಬ್ ದಿಬ್ಬ 50 ಡಿಗ್ರಿ ಕಡಿದು ಎನ್ನುತ್ತಾರೆ. ಅದಕ್ಕೆ ಎಷ್ಟು ಪಟ್ಟಿಯ ಪ್ಯಾಡಲ್ ಟೈರು ಬೇಕು?
– ಓದುಗರು, ಅಬುಧಾಬಿ

ಉತ್ತರ: 50 ಡಿಗ್ರಿ ಅನ್ನುವುದು ಜಾಹೀರಾತಿನ ಮಾತು. ಒಣ ಮರಳನ್ನು ಸುರಿದು ನೋಡಿ, 34 ಡಿಗ್ರಿ ದಾಟಿದರೆ ಜಾರಿಬಿಡುತ್ತದೆ. ಆದರೆ ಬುಡದಲ್ಲಿ ನಿಂತು ತಲೆ ಎತ್ತಿದಾಗ 34 ಕೂಡ ಗೋಡೆಯ ಹಾಗೇ ಕಾಣುತ್ತದೆ, ಅದು ನಿಜ. ಸಾದಾ 450, 700 ಸಿಸಿ ಕ್ವಾಡ್‌ಗೆ ಎಂಟು ಪಟ್ಟಿ ಸಾಕು. ಜಾಸ್ತಿ ಪಟ್ಟಿ ಹಾಕಿದರೆ ಹಿಡಿತ ಜಾಸ್ತಿ, ಆದರೆ ಇಂಜಿನ್ ಉಸಿರು ಕಟ್ಟಿ ಆರ್‌ಪಿಎಂ ಇಳಿಯುತ್ತದೆ. ಹತ್ತು, ಹನ್ನೆರಡು ಪಟ್ಟಿ ತುಂಬಾ ಶಕ್ತಿ ಇರುವವರಿಗೆ. ಗಾಳಿ 5 ಪಿಎಸ್‌ಐ ಆಸುಪಾಸು ಇಡಿ. ಸಬ್ಖಾದಂಥ ಗಟ್ಟಿ ಉಪ್ಪುನೆಲದಲ್ಲಿ ಪ್ಯಾಡಲ್ ಓಡಿಸಬೇಡಿ. ಪಟ್ಟಿ ಸವೆಯುತ್ತದೆ, ಹಲ್ಲು ಅದುರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟದ ಬದಲು ಹಳೇ ಯಮಹಾ ಬ್ಯಾನ್ಶೀ ಕ್ವಾಡ್ ಒಂದನ್ನು ತಗೊಂಡರೆ ಆಗದೇ?
– ಓದುಗರು, ದೋಹಾ

ಉತ್ತರ: ಆಗುತ್ತದೆ, ಮೊದಲ ಗಾಡಿ ಆದರೆ ಅದನ್ನೇ ತಗೊಳ್ಳಿ ಅಂತಲೂ ಹೇಳುತ್ತೇನೆ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಗಾಡಿ, ಗಲ್ಫಿನಲ್ಲಿ ಈಗಲೂ ಓಡುತ್ತಿವೆ. ಹಗುರ. ಬಿಚ್ಚಿ ಜೋಡಿಸಲು ಒಂದು ದಿನ ಸಾಕು. ಕೊಳ್ಳುವಾಗ ಎರಡೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಎರಡರ ನಡುವೆ ಹತ್ತು ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೆಲೆ ಇಳಿಸಿ, ಇಲ್ಲಾ ವಾಪಸ್ ಬನ್ನಿ.

ಪ್ರಶ್ನೆ: ಊರಿಗೆ ಬಂದಾಗ ಇಲ್ಲಿನ ಕಡಲ ತೀರದ ಮರಳಿನಲ್ಲಿ ಕ್ವಾಡ್ ಓಡಿಸಬಹುದಾ?
– ಓದುಗರು, ಮಂಗಳೂರು

ಉತ್ತರ: ಬೇಡ. ನಮ್ಮ ಕರಾವಳಿಯ ಮರಳು ದಿಬ್ಬಗಳನ್ನು ಕೆದಕುವುದಕ್ಕೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಅವಕಾಶ ಇಲ್ಲ. ಕುಂದಾಪುರದಿಂದ ಉತ್ತರ ಕನ್ನಡದವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುವುದು ಅದೇ ಮರಳಿನಲ್ಲಿ. ಮೇಲಿಂದ ನೋಡಿದರೆ ಗೂಡು ಗೊತ್ತೇ ಆಗುವುದಿಲ್ಲ, ಚಕ್ರ ಹಾದರೆ ಮುಗಿಯಿತು. ಜೊತೆಗೆ ಉಪ್ಪುನೀರು ನಿಮ್ಮ ಬೇರಿಂಗು, ಚೈನು, ವೈರಿಂಗ್ ಎಲ್ಲವನ್ನೂ ಒಂದು ಮಳೆಗಾಲದೊಳಗೆ ತುಕ್ಕು ಹಿಡಿಸುತ್ತದೆ.