ತಾವರೆ, ನೈದಿಲೆ ಒಂದೇ ಕುಟುಂಬದ ಗಿಡಗಳಲ್ವಾ?

ಅಲ್ಲ, ದೂರದ ಸಂಬಂಧವೂ ಅಷ್ಟಕ್ಕಷ್ಟೇ. ಒಂದೇ ಕೆರೆಯಲ್ಲಿ ಬೆಳೆಯುತ್ತವೆ, ನೋಡೋಕೂ ಒಂದೇ ಥರ, ಹಾಗಾಗಿ ನಮ್ಮ ಕಾಲೇಜುಗಳಲ್ಲಿ ಈಗಲೂ ಕಲಿಸುವ, ಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸುವ ಹಳೆಯ ಬೆಂಥಮ್–ಹೂಕರ್ ಪದ್ಧತಿಯಲ್ಲಿ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು.

1993ರಲ್ಲಿ ವಿಜ್ಞಾನಿಗಳು ಸುಮಾರು 500 ಗಿಡಗಳ ಆರ್‌ಬಿಸಿಎಲ್ ಎಂಬ ಜೀನನ್ನು ಹೋಲಿಸಿ ನೋಡಿದರು. ಇದು ಎಲೆಯ ಹಸಿರು ಕಣಗಳಲ್ಲಿರುವ ಜೀನ್, ತುಂಬಾ ನಿಧಾನವಾಗಿ ಬದಲಾಗುತ್ತದೆ, ಅದಕ್ಕೇ ಹಳೆಯ ನಂಟು ಹುಡುಕೋಕೆ ಒಳ್ಳೆಯದು. ಅದರ ಪ್ರಕಾರ ತಾವರೆಯ ನಿಜವಾದ ನೆಂಟ ಯಾರು ಗೊತ್ತಾ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಆ ಸಿಲ್ವರ್ ಓಕ್ ಮರದ ಕುಟುಂಬ! ನನಗಂತೂ ಇದು ಸಸ್ಯಶಾಸ್ತ್ರದ ಅತ್ಯಂತ ಸೊಗಸಾದ ಸಂಗತಿ. ನೈದಿಲೆಯೋ, ಹೂಬಿಡುವ ಗಿಡಗಳ ವಂಶವೃಕ್ಷದ ಬುಡದಲ್ಲೇ ಬೇರೆಯಾದ ಕವಲು.

ಸುಳಿವು ಗಿಡದಲ್ಲೇ ಇತ್ತು. ನೈದಿಲೆ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಸೀಳು ಇರುತ್ತದೆ, ತಾವರೆ ಎಲೆ ಪೂರ್ತಿ ದುಂಡಗೆ, ತೊಟ್ಟು ನಡುವಿಗೆ ಅಂಟಿರುತ್ತದೆ. ಪರಾಗದ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಾವರೆಯದರಲ್ಲಿ ಮೂರು ಗೀರು, ನೈದಿಲೆಯದರಲ್ಲಿ ಹಾಗಿಲ್ಲ. ನೀರಿನ ಬದುಕಿಗೆ ಎರಡೂ ಬೇರೆಬೇರೆಯಾಗಿ ಹೊಂದಿಕೊಂಡವು, ಹೋಲಿಕೆ ಬಂದದ್ದು ಹಾಗೆ.

1998ರಲ್ಲಿ ಎಪಿಜಿ ಹೆಸರಿನ ವಿಜ್ಞಾನಿಗಳ ಗುಂಪು ಜೀನ್ ಆಧಾರದ ಹೊಸ ವರ್ಗೀಕರಣ ಪ್ರಕಟಿಸಿತು. 2016ರ ನಾಲ್ಕನೇ ಆವೃತ್ತಿಯಲ್ಲಿ 416 ಕುಟುಂಬಗಳಿವೆ. ಅದರಲ್ಲಿ ಇಂಥದ್ದೇ ಇನ್ನೊಂದು ಅಚ್ಚರಿ: ತೇಗದ ಮರ ಇರುವುದು ತುಳಸಿಯ ಕುಟುಂಬದಲ್ಲಿ.