ಊರಿನ ಊಟ ಎಲ್ಲೂ ಸಿಗಲಿಲ್ಲ ಅಂದವರಿಗೆ

"ಮೇನಲ್ಲಿ ಮಕ್ಕಳನ್ನ ಕರ್ಕೊಂಡು ವಿಜಯಪುರ, ಬಾದಾಮಿ ನೋಡಿದ್ವಿ, ಜುಲೈನಲ್ಲಿ ಉಡುಪಿಗೆ ಹೋದ್ವಿ, ಎಲ್ಲಿ ಹೋದ್ರೂ ಅದೇ ಗೋಬಿ ಮಂಚೂರಿ, ಅದೇ ಫ್ರೈಡ್ ರೈಸ್, ಉಡುಪೀಲಿ ಮೀನು ಕೂಡ ಫ್ರೀಜರ್‌ದು ಅಂದ್ರು, ನೀವು ಬರೆಯೋ ಊರಿನ ಊಟ ನಿಜವಾಗ್ಲೂ ಎಲ್ಲಿದೆ?" ಅಂತ ಕೇಳಿದ್ದೀರಿ. ನಿಮ್ಮ ಬೇಜಾರು ನನಗೆ ಅರ್ಥ ಆಗತ್ತೆ. ಅದರಲ್ಲಿ ನಮ್ಮ ಪಾಲೂ ಇದೆ, ಯಾಕಂದ್ರೆ ಇಷ್ಟು ದಿನ ನಾವು ಊರಿನ ಹೆಸರು ಬರೆದ್ವಿ, ಯಾವ ತಿಂಗಳು ಹೋಗ್ಬೇಕು ಅಂತ ಬರೀಲಿಲ್ಲ.

ಮೊದಲು ಉಡುಪಿ ವಿಷ್ಯ. ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಕಾಲ ಅದು. ನಾಡದೋಣಿಯವರು ಕಡಲು ಶಾಂತ ಇದ್ದಾಗ ತರೋದೆಷ್ಟೋ ಅಷ್ಟೇ. ಆ ಹೊತ್ತಲ್ಲಿ ಅಲ್ಲಿನ ಮನೆಗಳಲ್ಲಿ ಬೇರೇನೇ ಊಟ ನಡೀತಿರತ್ತೆ: ಒಣಮೀನು, ಕಳಲೆ ಅಂದ್ರೆ ಎಳೆ ಬಿದಿರು, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಳೆಗೆ ಚಿಗುರಿದ ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಹಚ್ಚಿ ಸುತ್ತಿ ಹಬೇಲಿ ಬೇಯಿಸಿದ ಪತ್ರೊಡೆ. ಜುಲೈ ಮಧ್ಯದಿಂದ ತುಳುನಾಡಲ್ಲಿ ಆಟಿ ತಿಂಗಳು, ಅಮಾವಾಸ್ಯೆ ದಿನ ಬೆಳಗ್ಗೆ ಪಾಲೆ ಮರದ ತೊಗಟೆ ಕಷಾಯ ಕುಡೀತಾರೆ. ಅದೇ ತಿಂಗಳಿಗೆ ಕೊಡಗಲ್ಲಿ ಕಕ್ಕಡ ಅಂತಾರೆ, ಅದರ 18ನೇ ದಿನ, ಅಂದ್ರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ರಸದಲ್ಲಿ ನೇರಳೆ ಬಣ್ಣದ ಪಾಯಸ. ಗುಡ್ಡದ ಆಚೆಗೂ ಈಚೆಗೂ ಒಂದೇ ಮಳೆ, ಎರಡೂ ಕಡೆ ಜನ ಕಾಡಿನ ಮದ್ದು ಹುಡುಕ್ತಾರೆ, ನನಗಂತೂ ಇದು ಯಾವ ಜಲಪಾತಕ್ಕಿಂತ ದೊಡ್ಡ ಸಂಗತಿ.

ವಿಜಯಪುರದ ಕಡೆ ಮೇನಲ್ಲಿ ಎರೆಹೊಲ ಪೂರ್ತಿ ಖಾಲಿ. ಹಿಂಗಾರಿ ಜೋಳ ಸೆಪ್ಟೆಂಬರ್-ಅಕ್ಟೋಬರ್‌ಗೆ ಬಿತ್ತಿ ಚಳಿ ಮುಗಿಯೋ ಹೊತ್ತಿಗೆ ಕೊಯ್ಲು, ಅದಕ್ಕೂ ಮುಂಚೆ ಎಳೆ ತೆನೆ ಸುಟ್ಟು ಕಾಳು ಉದುರಿಸಿ ತಿನ್ನೋ ಸೀತನಿ ಇರತ್ತಲ್ಲ, ಅದು ಬೇಸಿಗೆ ರಜೆಗೆ ಕಾಯಲ್ಲ. ಆದ್ರೂ ರೊಟ್ಟಿಗೆ ಸೀಸನ್ ಇಲ್ಲ. ಬೋರ್ಡಲ್ಲಿ ಖಾನಾವಳಿ ಅಂತ ಇದ್ರೆ ಮಧ್ಯಾಹ್ನ ಒಳಗೆ ಹೋಗಿ, ಒಳಗಿಂದ ಪಟಪಟ ತಟ್ಟೋ ಸದ್ದು ಕೇಳಿದ್ರೆ ಕೂತ್ಕೊಳ್ಳಿ. ಜೋಳದ ಹಿಟ್ಟಿಗೆ ಗೋಧಿ ಥರ ಜಿಗಿ ಇರಲ್ಲ, ಎಸರಿಟ್ಟು ಬಿಸಿನೀರಲ್ಲೇ ನಾದಬೇಕು, ಕೈಲಿ ತಟ್ಟಬೇಕು, ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆ ಆಡಿಸಬೇಕು, ಇಷ್ಟೆಲ್ಲ ಕೆಲಸ ರೊಟ್ಟಿ ತಟ್ಟೋ ಅಕ್ಕ ನಿಮಿಷದಲ್ಲಿ ಮುಗಿಸ್ತಾಳೆ, ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ಮಕ್ಕಳಿಗೆ ಆ ತಟ್ಟೋದನ್ನ ತೋರಿಸಿ, ಗೋಳಗುಮ್ಮಟದಷ್ಟೇ ನೆನಪಿರತ್ತೆ.

ಖಾನಾವಳಿ ಎಲ್ಲಿ ಅಂತ ಫೋನಲ್ಲಿ ಹುಡುಕೋ ಬದಲು ಬಸ್ ಇಳಿಯುವಾಗ ಕಂಡಕ್ಟರ್‌ನ ಕೇಳಿ, ಅವರು ದಿನಾ ಊಟ ಮಾಡೋ ಜಾಗ ಹೇಳ್ತಾರೆ. ಸಂತೆ ಯಾವ ದಿನ ಅಂತಾನೂ ಅವರನ್ನೇ ಕೇಳಿ.

ಕ್ರಿಸ್ಮಸ್ ರಜೆಗೆ ಮತ್ತೆ ಆ ಕಡೆ ಹೋಗೋದಾ ಅಂತ ಕೊನೇಲಿ ಕೇಳಿದ್ದೀರಿ. ಖಂಡಿತ ಹೋಗಿ, ಆದ್ರೆ ಕ್ಯಾಲೆಂಡರಲ್ಲಿ ಎಳ್ಳಮಾವಾಸ್ಯೆ ನೋಡ್ಕೊಂಡು ಟಿಕೆಟ್ ಮಾಡಿಸಿ, ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದೊಳಗೆ ಬರತ್ತೆ. ಅವತ್ತು ಮನೆಮಂದಿ ಎಲ್ಲ ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗ್ತಾರೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಕಲಬುರಗಿ-ಬೀದರ್ ಕಡೆ ಆದ್ರೆ ಸೊಪ್ಪು ಕಾಳು ಎಲ್ಲ ಸೇರಿಸಿದ ಭಜ್ಜಿ ಪಲ್ಯ, ಮೊದಲು ಪೈರಿಗೆ ಚರಗ ಚೆಲ್ಲಿ, ಅಂದ್ರೆ ಊಟದ ಒಂದು ಪಾಲು ಹೊಲಕ್ಕೆ ಎರಚಿ, ಆಮೇಲೆ ತಾವು ಉಣ್ತಾರೆ. ದಾರೀಲಿ ಹೋಗೋರನ್ನೂ ಕರೀತಾರೆ. ಕರೆದ್ರೆ ಸಂಕೋಚ ಬೇಡ, ಕೂತು ಉಣ್ಣಿ. ದುಡ್ಡು ಮಾತ್ರ ಕೊಡೋಕೆ ಹೋಗ್ಬೇಡಿ, ಬೇಜಾರಾಗ್ತಾರೆ, ಅವರ ಮಕ್ಕಳಿಗೆ ಅಂತ ಒಂದಿಷ್ಟು ಹಣ್ಣು ಚೀಲದಲ್ಲಿ ಇಟ್ಕೊಂಡಿರಿ.