ಅಟ್ಟದಲ್ಲಿ ಸಿಕ್ಕ ಶಿಬಿರಗೀತೆಗಳ ತಟ್ಟೆ

ಪ್ರಶ್ನೆ: ಪೊನ್ನಂಪೇಟೆ ಸಮೀಪದ ನಮ್ಮ ತೋಟದ ಮನೆಯ ಅಟ್ಟದಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ನಡುವೆ ‘ಕ್ಯಾಂಪ್ ಸಾಂಗ್ಸ್’ ಎಂಬ ಹತ್ತು ಇಂಚಿನ ತಟ್ಟೆಯೊಂದು ಸಿಕ್ಕಿದೆ. ಹೊದಿಕೆಯ ಮೇಲೆ ಪೀಟ್ ಸೀಗರ್, ಎರಿಕ್ ಡಾರ್ಲಿಂಗ್, ಸಾಂಗ್ ಸ್ವಾಪರ್ಸ್ ಎಂಬ ಹೆಸರುಗಳೂ ಫೋಕ್‌ವೇಸ್ ಕಂಪನಿಯ ಹೆಸರೂ ಇವೆ. ಅಮೆರಿಕದ ಜನಪದ ಗಾಯಕ ಸೀಗರ್ ಅವರ ಬಗ್ಗೆ ಬಂದ ಲೇಖನಗಳಲ್ಲಿ ಇದರ ಪ್ರಸ್ತಾಪವನ್ನು ನಾನು ಕಂಡಿಲ್ಲ. ಇದು ಯಾವ ಕಾಲದ್ದು? ಮನೆಯಲ್ಲಿರುವ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಇದನ್ನು ನುಡಿಸಬಹುದೇ? ನಮ್ಮ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ಘಟಕದ ಕಬ್ ಮತ್ತು ಬುಲ್‌ಬುಲ್ ಮಕ್ಕಳ ಶಿಬಿರಾಗ್ನಿಗೆ ಇದರಿಂದ ಉಪಯೋಗವಾದೀತೇ?
— ಶಿಕ್ಷಕಿ, ದಕ್ಷಿಣ ಕೊಡಗು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಕ್ಷೇಮ. ದಯವಿಟ್ಟು ಆ ಗ್ರಾಮಫೋನಿನಲ್ಲಿ ಇದನ್ನು ನುಡಿಸಬೇಡಿ. ಕೀಲಿ ಕೊಡುವ ಯಂತ್ರ ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳಿಗಾಗಿ ತಯಾರಾದದ್ದು. ಅದರ ಉಕ್ಕಿನ ಮುಳ್ಳೂ ಮುಳ್ಳಿನ ಮೇಲಿನ ಭಾರವೂ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದರಷ್ಟು ಸುತ್ತು ಸುತ್ತುವ ವಿನೈಲ್ ತಟ್ಟೆಯ ಸಣ್ಣ ಗೆರೆಗಳನ್ನು ಒಂದೇ ಸಲಕ್ಕೆ ಕೆರೆದುಹಾಕುತ್ತವೆ. ಕೊಡಗಿನ ಮಳೆಗಾಲವನ್ನು ಕಂಡ ತಟ್ಟೆಯಾದ್ದರಿಂದ ಬೂಷ್ಟು ಹಿಡಿದಿರುವುದೂ ಸಂಭವ. ಮೆತ್ತನೆಯ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೇವ ಮಾಡಿಕೊಂಡು, ನಡುವಿನ ಕಾಗದದ ಲೇಬಲ್ಲಿಗೆ ತಾಗದಂತೆ, ಗೆರೆಗಳು ಸುತ್ತುವ ದಿಕ್ಕಿನಲ್ಲೇ ಒರೆಸಿ ಒಣಗಿಸಿ. ಆಮೇಲೆ ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೇರವಾಗಿ ನಿಲ್ಲಿಸಿಡಿ. ಫೋಕ್‌ವೇಸ್ ತಟ್ಟೆಗಳ ಜೊತೆ ಹಾಡಿನ ಸಾಹಿತ್ಯ ಮತ್ತು ಟಿಪ್ಪಣಿಗಳ ಕಿರುಪುಸ್ತಿಕೆಯನ್ನೂ ಕೊಡುತ್ತಿದ್ದರು. ಅದು ದಪ್ಪ ರಟ್ಟಿನ ಹೊದಿಕೆಯೊಳಗೆ ಅಂಟಿಕೊಂಡಿರಬಹುದು, ಎಳೆಯುವ ಮೊದಲು ನೋಡಿ. ನಿಮಗೆ ತಟ್ಟೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಇದು 1955ರ ತಟ್ಟೆ. 1919ರಲ್ಲಿ ಜನಿಸಿದ ಸೀಗರ್ 1941ರಿಂದಲೇ ಧ್ವನಿಮುದ್ರಣ ಮಾಡುತ್ತಿದ್ದರೂ ಮಕ್ಕಳಿಗಾಗಿ ಅವರು ಹಾಡಿದ ತಟ್ಟೆಗಳ ಸಾಲಿನಲ್ಲಿ ಇದು ಆರಂಭದ್ದೆಂದೇ ಹೇಳಬೇಕು. ಅವರಿದ್ದ ವೀವರ್ಸ್ ತಂಡ 1950ರಲ್ಲಿ ಅಮೆರಿಕದಾದ್ಯಂತ ಮನೆಮಾತಾಗಿತ್ತು. ಆದರೆ ಕಮ್ಯುನಿಸ್ಟರ ಒಡನಾಟದ ಆರೋಪದ ಮೇಲೆ ತಂಡದವರ ಹೆಸರು ಕಪ್ಪುಪಟ್ಟಿಗೆ ಸೇರಿದ್ದರಿಂದ ರೇಡಿಯೋ, ಟೆಲಿವಿಷನ್ ಮತ್ತು ದೊಡ್ಡ ಸಭಾಂಗಣಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. 1955ರ ಆಗಸ್ಟ್ 18ರಂದು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಎದುರು ಹಾಜರಾದ ಸೀಗರ್, ತಮ್ಮ ರಾಜಕೀಯ ನಂಬಿಕೆಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದರು. ಆ ಕಾರಣಕ್ಕೆ 1961ರಲ್ಲಿ ಅವರಿಗೆ ಒಂದು ವರ್ಷದ ಸೆರೆವಾಸದ ಶಿಕ್ಷೆಯಾಗಿ, ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಅದು ರದ್ದಾಯಿತು. ಈ ವರ್ಷಗಳಲ್ಲಿ ಶಾಲೆಗಳು, ಕಾಲೇಜುಗಳು ಮತ್ತು ಮಕ್ಕಳ ಬೇಸಿಗೆ ಶಿಬಿರಗಳು ಅವರಿಗೆ ವೇದಿಕೆಯೂ ಹೌದು, ಜೀವನೋಪಾಯವೂ ಹೌದು. ಸಮಿತಿಯ ಸದಸ್ಯರಿಗೆ ಬ್ಯಾಂಜೋ ಹಿಡಿದು ಮಕ್ಕಳ ಮುಂದೆ ನಿಂತವನಿಂದ ದೇಶಕ್ಕೆ ಅಪಾಯವೇನೂ ಕಾಣಿಸಲಿಲ್ಲವೆಂದು ತೋರುತ್ತದೆ!

ಜೊತೆಯ ಎರಿಕ್ ಡಾರ್ಲಿಂಗ್ ಆಗ ಇಪ್ಪತ್ತರ ಆಸುಪಾಸಿನ ಯುವಕರು. ಸೀಗರ್ ವೀವರ್ಸ್ ತಂಡವನ್ನು ಬಿಟ್ಟ ಮೇಲೆ, 1958ರಲ್ಲಿ, ಅವರ ಸ್ಥಾನಕ್ಕೆ ಬಂದವರು ಇವರೇ.

ತಟ್ಟೆ ಅಪರಿಚಿತವಾಗಿ ಉಳಿದದ್ದಕ್ಕೆ ಕಪ್ಪುಪಟ್ಟಿಯೊಂದನ್ನೇ ದೂರುವುದು ನನಗೆ ಸರಿಯೆನಿಸುವುದಿಲ್ಲ. ಶಿಬಿರದ ಹಾಡುಗಳನ್ನು ಕುಳಿತು ಕೇಳುವುದಕ್ಕಿಂತ ಕಲಿತು ಹಾಡುವವರೇ ಹೆಚ್ಚು. ಹಾಡು ಬಾಯಿಗೆ ಬಂದ ಮೇಲೆ ತಟ್ಟೆಯನ್ನು ಯಾರೂ ನೆನೆಯುವುದಿಲ್ಲ. ವಿಮರ್ಶಕರೂ ಸೀಗರ್ ಅವರ ಹೋರಾಟದ ಹಾಡುಗಳಿಗೆ ಪುಟಗಟ್ಟಲೆ ಮೀಸಲಿಟ್ಟು, ಮಕ್ಕಳ ಹಾಡುಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಇದು ಅನ್ಯಾಯ, ಏಕೆಂದರೆ ದೊಡ್ಡ ಸಭೆಯನ್ನೇ ಹಾಡಿಸುವ ಅವರ ಹೆಸರಾಂತ ಕೌಶಲ ಇಂಥ ಶಿಬಿರಗಳಲ್ಲಿಯೂ ಪಳಗಿದ್ದು. ಅದೃಷ್ಟಕ್ಕೆ, ಫೋಕ್‌ವೇಸ್ ಸ್ಥಾಪಕ ಮೋಸೆಸ್ ಆಶ್ 1986ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹವನ್ನು ಪಡೆದ ಸ್ಮಿತ್ಸೋನಿಯನ್ ಸಂಸ್ಥೆಯು, ಮಾರಾಟವಾಗಲಿ ಬಿಡಲಿ, ಪ್ರತಿಯೊಂದು ತಟ್ಟೆಯೂ ಕೊಳ್ಳುವವರಿಗೆ ಸಿಗುವಂತಿರಬೇಕೆಂಬ ಷರತ್ತಿಗೆ ಒಪ್ಪಿಕೊಂಡಿತು. ಹಾಗಾಗಿ ನಿಮ್ಮ ತಟ್ಟೆ ಸವೆದಿದ್ದರೂ ಹಾಡುಗಳನ್ನು ಡಿಜಿಟಲ್ ರೂಪದಲ್ಲಿ ಕೇಳಬಹುದು.

ಕಬ್ ಮತ್ತು ಬುಲ್‌ಬುಲ್ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಹಾಡುಗಳ ರಚನೆಯನ್ನು ತೆಗೆದುಕೊಳ್ಳಿ. ಶಿಬಿರದ ಹಾಡುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳು ಕಾಣಸಿಗುತ್ತವೆ: ನಾಯಕ ಹೇಳಿದ ಸಾಲಿಗೆ ಗುಂಪು ಓಗೊಡುವುದು, ಪ್ರತಿ ನುಡಿಗೂ ಒಂದೊಂದು ಸಾಲು ಸೇರಿಸುತ್ತಾ ಹಿಂದಿನದನ್ನೆಲ್ಲ ಮತ್ತೆ ಹೇಳುವುದು, ಒಂದೇ ಪದವನ್ನು ಬದಲಿಸಿ ಹೊಸ ನುಡಿ ಮಾಡುವುದು. ನಿಮಗೆ ಮೂರನೆಯದು ಅತ್ಯಂತ ಸುಲಭ. ಊರಿನ ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟರೆ ಮಕ್ಕಳೇ ಸಿದ್ದಾಪುರ, ಗೋಣಿಕೊಪ್ಪ, ಭಾಗಮಂಡಲ ಎಂದು ತುಂಬಿಸುತ್ತಾ ಹೋಗುತ್ತಾರೆ, ನಿಲ್ಲಿಸುವುದೇ ಕಷ್ಟವಾಗುತ್ತದೆ. ನಾಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದ ಕೊಡವ ಜನಪದ ಹಾಡುಗಳನ್ನು ದುಡಿ ಬಡಿಯುತ್ತಾ ಹೇಳುವವರು ನಿಮ್ಮ ಆಸುಪಾಸಿನಲ್ಲಿಯೇ ಇರಬಹುದು. ಅಂಥ ಹಿರಿಯರೊಬ್ಬರನ್ನು ಶಿಬಿರಕ್ಕೆ ಕರೆದರೆ ಲಯ ಹಿಡಿಯುವುದು ಹೇಗೆಂದು ಮಕ್ಕಳು ಯಾವ ತಟ್ಟೆಯಿಂದಲೂ ಕಲಿಯಲಾಗದಷ್ಟು ಬೇಗ ಕಲಿತಾರು.

ಬೆಂಕಿಯನ್ನು ಶಾಲೆಯ ಮೈದಾನದಲ್ಲಿಯೇ ಹಾಕಿ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಕಾಡಂಚಿನ ಜಾಗ ಬೇಡ. ಶ್ರುತಿಯನ್ನು ನಿಮ್ಮ ಗಂಟಲಿಗೆ ಹಿತವಾದದ್ದಕ್ಕಿಂತ ತುಸು ಮೇಲೆ ಎತ್ತಿಕೊಳ್ಳಿ, ಏಕೆಂದರೆ ದೊಡ್ಡವರು ತಗ್ಗಿನಲ್ಲಿ ಆರಂಭಿಸಿದರೆ ಸಣ್ಣ ಮಕ್ಕಳು ಹಾಡುವುದನ್ನು ಬಿಟ್ಟು ಗುನುಗಲು ತೊಡಗುತ್ತಾರೆ.